ಹಗ್ಗಕ್ಕಿಂತ ಬುಟ್ಟಿ ಲೇಸು

ಹೊಸ ಹೇಂಟೆ ಮನೆಗೆ ಬಂತೆಂದರೆ ನಮ್ಮ ಕಡೆ ಮೊದಲು ಹುಡುಕುವುದು ಒಂದು ತುಂಡು ಹಗ್ಗವನ್ನು. ಪುತ್ತೂರಿನ ಸೋಮವಾರದ ಸಂತೆಯಿಂದ ಕೊಂಡದ್ದಿರಲಿ, ಸುಳ್ಯದ ನೆಂಟರು ಕೊಟ್ಟದ್ದಿರಲಿ, ಕಾಲಿಗೆ ಹಗ್ಗ ಬಿಗಿದು ಹಟ್ಟಿಯ ಕಂಬಕ್ಕೋ ತೆಂಗಿನ ಬುಡಕ್ಕೋ ಕಟ್ಟುತ್ತಾರೆ. ನಾಲ್ಕು ದಿನ ಹಾಗಿದ್ದರೆ ಮನೆಯ ಗುರುತು ಸಿಗುತ್ತದೆ, ಆಮೇಲೆ ಬಿಟ್ಟರೂ ತೋಟ ದಾಟಿ ಹೋಗುವುದಿಲ್ಲ ಎಂಬ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಆ ನಾಲ್ಕು ದಿನ ಮನೆಯ ಹಳೆಯ ಕೋಳಿಗಳು ಅದನ್ನು ಏನು ಮಾಡುತ್ತವೆ ಎಂದು ಸ್ವಲ್ಪ ಹೊತ್ತು ನಿಂತು ನೋಡಬೇಕು.

ಹಳೆಯ ಹೇಂಟೆಯೊಂದು ನೇರ ಹತ್ತಿರ ಬರುತ್ತದೆ. ಕತ್ತು ನೀಡಿ ಒಂದು ಕಣ್ಣಿನಿಂದ ನೋಡಿ, ತಲೆ ಹೊರಳಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಮರುಕ್ಷಣವೇ ಜುಟ್ಟಿಗೆ ಕುಕ್ಕುತ್ತದೆ. ಹೊಸದು ತಲೆ ತಗ್ಗಿಸಿ ಹಿಂದೆ ಸರಿಯುತ್ತದೆ, ಹಗ್ಗ ಬಿಗಿಯಾಗುತ್ತದೆ, ರೆಕ್ಕೆ ಬಡಿದು ಬೀಳುತ್ತದೆ. ಬಿದ್ದಲ್ಲಿಗೇ ಮತ್ತೆ ಎರಡು ಕುಕ್ಕು. ಕೋಳಿಗಳ ಲೋಕದಲ್ಲಿ ಸೋಲೊಪ್ಪಿಕೊಳ್ಳುವ ಮುಖ್ಯ ದಾರಿಯೆಂದರೆ ಜಾಗ ಬಿಟ್ಟು ಓಡುವುದು. ಓಡಿದರೆ ಜಗಳ ಅಲ್ಲಿಗೆ ಮುಗಿಯಿತು. ಓಡಲಾಗದ ಕೋಳಿ ಇನ್ನೂ ಎದುರು ನಿಂತಿದೆ ಎಂದೇ ಗೆದ್ದದ್ದು ತಿಳಿಯುತ್ತದೆ. ನಾವು ಮನೆ ಕಲಿಸಲು ಕಟ್ಟಿದ ಹಗ್ಗ ಅದರ ಸಂಧಾನದ ದಾರಿಯನ್ನೇ ಮುಚ್ಚಿಬಿಡುತ್ತದೆ.

ಈ ಕುಕ್ಕಾಟಕ್ಕೆ ಕ್ರಮವೊಂದಿದೆ ಎಂದು ಮೊದಲು ವಿವರವಾಗಿ ಬರೆದಿಟ್ಟವರು ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ. ಹುಡುಗನಾಗಿದ್ದಾಗಲೇ ಕೋಳಿಗಳ ಮುಂದೆ ಕುಳಿತು ಯಾವುದು ಯಾವುದಕ್ಕೆ ಕುಕ್ಕಿತೆಂದು ಗುರುತು ಹಾಕಿಕೊಳ್ಳುತ್ತಿದ್ದ ಅವರು 1922ರಲ್ಲಿ ಅದನ್ನು ಪ್ರಕಟಿಸಿದರು. ಗುಂಪಿನ ಪ್ರತಿ ಜೋಡಿಯ ನಡುವೆಯೂ ಮೇಲು ಕೆಳಗು ಒಮ್ಮೆ ತೀರ್ಮಾನವಾಗುತ್ತದೆ. ಆಮೇಲೆ ಬರೀ ನೋಟದಲ್ಲೇ ಕೆಲಸ ನಡೆಯುತ್ತದೆ. ಹತ್ತು ಹೇಂಟೆಗಳಿರುವ ಅಂಗಳದಲ್ಲಿ ಇಂಥ 45 ಜೋಡಿ ಸಂಬಂಧಗಳಿರುತ್ತವೆ. ಎರಡು ಹೊಸ ಹೇಂಟೆ ಬಂದರೆ ಅದು 66 ಆಗುತ್ತದೆ, ಅಂದರೆ 21 ಸಂಬಂಧಗಳನ್ನು ಹೊಸದಾಗಿ ಇತ್ಯರ್ಥ ಮಾಡಬೇಕು. ಎರಡೂ ಒಂದೇ ಮನೆಯಲ್ಲಿ ಬೆಳೆದಿದ್ದರೆ ಒಂದು ಜಗಳ ಕಡಿಮೆ, ಮೇಲಾಗಿ ಪೆಟ್ಟು ಹಂಚಿಹೋಗುತ್ತದೆ. ಒಂಟಿ ಹೇಂಟೆಯನ್ನು ತರಬೇಡಿ ಎನ್ನುವುದು ಇದಕ್ಕೇ.

ಕೋಳಿಗಳು ಪರಸ್ಪರ ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ಅಮೆರಿಕದ ಕಾನ್ಸಾಸ್‌ನಲ್ಲಿ ಎ. ಎಂ. ಗುಹ್ಲ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಕೋಳಿಗಳ ರೂಪ ಬದಲಿಸಿ ನೋಡಿದಾಗ, ಜುಟ್ಟು, ತಲೆಯ ಆಕಾರ ಬೇರೆಯಾದ ಕೋಳಿಯನ್ನು ಸ್ವಂತ ಗುಂಪೇ ಪರಕೀಯವೆಂಬಂತೆ ಕಂಡಿತು. ತುಳುನಾಡಿನ ಕುಕ್ಕುಟ ಪಂಚಾಂಗವು ಹುಂಜಗಳನ್ನು ಬೊಳ್ಳೆ, ಕೆಮ್ಮೈರೆ ಎಂದು ಗರಿಯ ಬಣ್ಣದ ಮೇಲೆ ವಿಂಗಡಿಸುತ್ತದೆ. ಆದರೆ ಹೇಂಟೆ ನೋಡುವುದು ಮುಖವನ್ನು, ಅದೂ ತೀರ ಹತ್ತಿರದಿಂದ. ಸುಮಾರು ಒಂದು ಅಡಿಯ ಒಳಗೆ ಬಂದಾಗಲೇ ಪರಿಚಿತ, ಅಪರಿಚಿತ ಎಂಬ ಭೇದ ಅದಕ್ಕೆ ಸ್ಪಷ್ಟವಾಗುತ್ತದೆ. ಅಂಗಳದಾಚೆಯ ಗೂಡಿನಲ್ಲಿ ಹೊಸದನ್ನು ತಿಂಗಳುಗಟ್ಟಲೆ ಇಟ್ಟರೂ ಪರಿಚಯವಾಗದಿರುವುದಕ್ಕೆ ಇದೇ ಕಾರಣ. ನೆನಪಿಗೂ ಮಿತಿಯಿದೆ: ಎರಡು ಮೂರು ವಾರ ಬೇರೆಡೆ ಇದ್ದು ಬಂದ ಹಳೆಯ ಗೆಳತಿಯೂ ಮತ್ತೆ ಪೆಟ್ಟು ತಿನ್ನಬೇಕಾದೀತು.

ಹಿಂದೆ ನಮ್ಮ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಹೊಸ ಕೋಳಿಗಳು ಬರುತ್ತಿದ್ದದ್ದು ಕಾವು ಕೂತ ತಾಯಿಯ ಹೊಟ್ಟೆಯಡಿಯಿಂದ. ಮರಿಗಳ ಬಳಿ ಬಂದವರನ್ನು ತಾಯಿ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದು ಮರಿಗಳನ್ನು ಕುಕ್ಕಿ ದೂರ ಮಾಡುವಷ್ಟರಲ್ಲಿ ಅವು ಎಲ್ಲರ ಮುಖವನ್ನೂ ಕಂಡಿರುತ್ತಿದ್ದವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರದಂಥ ತಳಿಗಳು ಯಂತ್ರದಲ್ಲಿ ಒಡೆದ ಮರಿಗಳಾಗಿ ಬರುತ್ತವೆ, ಅವಕ್ಕೆ ತಾಯಿಯಿಲ್ಲ. ಮನೆಯಲ್ಲಿ ಕಾವು ಕೂತ ನಾಟಿ ಹೇಂಟೆಯಿದ್ದರೆ ಒಂದೆರಡು ದಿನದ ಮರಿಗಳನ್ನು ರಾತ್ರಿ ಮೆಲ್ಲಗೆ ಅದರ ಅಡಿಗೆ ಸರಿಸಬಹುದು. ಮೂರನೆಯ ದಿನ ಕಳೆದರೆ ಮರಿಗೆ ಅಪರಿಚಿತರ ಹೆದರಿಕೆ ಹುಟ್ಟತೊಡಗುತ್ತದೆ, ಆಗ ಈ ದತ್ತು ಕೂಡಿಬರುವುದು ಕಷ್ಟ.

ಬೆಳೆದ ಹೇಂಟೆಗೆ ತಾಯಿ ಮಾಡುವ ಕೆಲಸವನ್ನು ನಾವೇ ಮಾಡಬೇಕು. ಅದಕ್ಕೂ ಮೊದಲು ರೋಗದ ಮಾತು, ಏಕೆಂದರೆ ಜಗಳದಲ್ಲಿ ಒಂದು ಕೋಳಿ ಸತ್ತರೆ ಕೊಕ್ಕರೆ ರೋಗದಲ್ಲಿ ಗೂಡಿಗೆ ಗೂಡೇ ಖಾಲಿಯಾಗುತ್ತದೆ. ರಾಣಿಖೇತ್ ಎಂದು ಪುಸ್ತಕಗಳು ಹೇಳುವ ರೋಗ ಇದೇ. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು. ವೈರಸ್ ಒಳಹೊಕ್ಕ ಐದಾರು ದಿನಕ್ಕೆ ಸಾಮಾನ್ಯವಾಗಿ ಲಕ್ಷಣ ಕಾಣುತ್ತದೆ, ಕೆಲವೊಮ್ಮೆ ಎರಡು ವಾರವೂ ಬೇಕು. ಪ್ರಾಣಿ ಆರೋಗ್ಯದ ಅಂತರರಾಷ್ಟ್ರೀಯ ಸಂಸ್ಥೆ ತನ್ನ ನಿಯಮಗಳಿಗೆ 21 ದಿನ ಎಂದು ಇಟ್ಟುಕೊಂಡಿದೆ. ಆದ್ದರಿಂದ ಸಂತೆಯ ಕೋಳಿಯನ್ನು ಮೂರು ವಾರ ಮನೆಯ ಇನ್ನೊಂದು ಮಗ್ಗುಲಲ್ಲಿ ಪ್ರತ್ಯೇಕವಾಗಿ ಇಡುವುದು ಒಳ್ಳೆಯದು. ಅಲ್ಲಿನ ನೀರಿನ ಪಾತ್ರೆ ಇಲ್ಲಿಗೆ ಬರಬಾರದು. ಹಳೆಯ ಕೋಳಿಗಳಿಗೆ ತಿಂಡಿ ಹಾಕಿದ ಮೇಲೆಯೇ ಅಲ್ಲಿಗೆ ಹೋಗಬೇಕು, ಬಂದು ಕೈಕಾಲು ತೊಳೆಯಬೇಕು. ಲಸಿಕೆ ಪಡೆದು ಬಂದ ಹೊಸ ಕೋಳಿಯೂ ಆರೋಗ್ಯವಾಗಿ ಕಾಣುತ್ತಲೇ ವೈರಸ್ ಹರಡಬಲ್ಲದು. ಹಾಗಾಗಿ ಮನೆಯ ಕೋಳಿಗಳಿಗೆ ಮೊದಲೇ ಲಸಿಕೆ ಆಗಿರಬೇಕು. ಲಸಿಕೆಯ ಬಾಟಲಿ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಕಲಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಇದು ಹೊಂದುವುದಿಲ್ಲವೆಂದು ಬಿಡುವ ಬದಲು ನೆರೆಕರೆಯ ಏಳೆಂಟು ಮನೆಯವರು ಒಂದೇ ದಿನ ಹಾಕಿಸಿಕೊಳ್ಳಬೇಕು. ಇದು ನಮ್ಮ ಊರುಗಳಲ್ಲಿ ಆಗಲೇಬೇಕಾದ ಕೆಲಸ ಎಂದು ನನಗನ್ನಿಸುತ್ತದೆ.

ಮೂರು ವಾರ ಕಳೆದ ಮೇಲೆ ಬುಟ್ಟಿ. ಬೆತ್ತದ್ದೋ ಬಿದಿರಿನದ್ದೋ ಕಣ್ಣುಕಣ್ಣಿನ ದೊಡ್ಡ ಬುಟ್ಟಿಯನ್ನು ಕೋಳಿಗಳು ಓಡಾಡುವ ಜಾಗದಲ್ಲೇ, ನೆರಳಲ್ಲಿ, ಹೊಸ ಹೇಂಟೆಯ ಮೇಲೆ ಕವುಚಿ ಕಲ್ಲು ಹೇರಬೇಕು. ಎರಡಿದ್ದರೆ ಕಬ್ಬಿಣದ ಬಲೆಯ ಗೂಡೇ ಬೇಕು. ಬುಟ್ಟಿಯ ಸುತ್ತ ನುಚ್ಚು ಎರಚಿದರೆ ಹಳೆಯವು ಹತ್ತಿರ ಬಂದು ಮೇಯುತ್ತವೆ, ಆ ಒಂದು ಅಡಿಯ ಪರಿಚಯ ತಾನಾಗಿ ಆಗುತ್ತದೆ. ಮೊದಲ ದಿನ ಕಣ್ಣಿನೆಡೆಯಿಂದ ಕುಕ್ಕಲು ನೋಡುತ್ತವೆ. ವಾರ ಕಳೆದರೆ ಬುಟ್ಟಿಗೆ ಒರಗಿ ಬೂದಿಯಲ್ಲಿ ಹೊರಳುತ್ತಿರುತ್ತವೆ. ಮನೆಯ ಗುರುತು ಹಗ್ಗಕ್ಕಿಂತ ಇಲ್ಲೇ ಚೆನ್ನಾಗಿ ಸಿಗುತ್ತದೆ. ರಾತ್ರಿ ಮಾತ್ರ ಭದ್ರವಾದ ಗೂಡಿಗೆ ಸೇರಿಸಬೇಕು, ಕಡಬ, ಸುಬ್ರಹ್ಮಣ್ಯದ ಕಾಡಂಚಿನಲ್ಲಂತೂ ಕಾಡುಬೆಕ್ಕಿಗೆ ಬುಟ್ಟಿ ಒಂದು ಲೆಕ್ಕವೇ ಅಲ್ಲ. 

ಬಿಡುವ ದಿನ ಬೆಳಗ್ಗೆಯೇ ಬಿಡಿ, ಅಡಿಕೆ ತೋಟದ ಕಡೆ ದಾರಿ ತೆರೆದಿರಲಿ. ರಾತ್ರಿ ಕತ್ತಲಲ್ಲಿ ಗೂಡಿಗೆ ತುರುಕಿದರೆ ಬೆಳಗ್ಗೆ ಗೊತ್ತಾಗುವುದಿಲ್ಲವೆಂಬ ನಂಬಿಕೆಯಿದೆ. ಬೆಳಕು ಹರಿದೊಡನೆ ಗೊತ್ತಾಗುತ್ತದೆ, ಮುಚ್ಚಿದ ಗೂಡಿನಲ್ಲಿ ಓಡಲು ಎಡೆಯೂ ಇರುವುದಿಲ್ಲ. ತಿಂಡಿ, ನೀರು ಎರಡು ಮೂರು ಕಡೆ ಇಟ್ಟರೆ ಕೆಳಗಿನದಕ್ಕೂ ಪಾಲು ಸಿಗುತ್ತದೆ. ಹುಂಜ ಇದ್ದಲ್ಲಿ ಹೇಂಟೆಗಳ ಜಗಳ ಕಡಿಮೆ. ಆಟಿಯ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು: ಎಲ್ಲವೂ ಹಟ್ಟಿಯ ಮಾಡಿನಡಿ ಒತ್ತಿಕೊಂಡಿರುತ್ತವೆ, ಒದ್ದೆ ನೆಲದಲ್ಲಿ ರಕ್ತಭೇದಿಯ ಪರೋಪಜೀವಿಯೂ ಬೇಗ ಬಲಿಯುತ್ತದೆ. ಕೆಲ ದಿನ ಸಣ್ಣಪುಟ್ಟ ಕುಕ್ಕಾಟ ಇದ್ದದ್ದೇ, ನಡುವೆ ಬರಬಾರದು. ರಕ್ತ ಕಂಡರೆ ಮಾತ್ರ ಕೂಡಲೇ ಬೇರ್ಪಡಿಸಬೇಕು, ಕೆಂಪು ಕಂಡಲ್ಲಿಗೇ ಎಲ್ಲವೂ ಕುಕ್ಕುತ್ತವೆ. ಗಾಯ ಮಾಗಿದ ಮೇಲೆ ಮತ್ತೆ ಬುಟ್ಟಿಯಿಂದಲೇ ಶುರು. ಊರು ಬದಲಿಸಿದ ಹೇಂಟೆ ಒಂದೆರಡು ವಾರ ಮೊಟ್ಟೆ ನಿಲ್ಲಿಸುವುದುಂಟು. ಅದು ಕಾಯಿಲೆಯಲ್ಲ, ಕೋಪಿಸಿಕೊಂಡು ಸಾರಿಗೆ ಹಾಕಬೇಡಿ.