ಮನೆಗೆ ಬರುವ ಶಾಲೆಯ ಸುದ್ದಿ

ಶಾಲೆಯ ವಿಷಯದಲ್ಲಿ ನಾವು ಆಡುವ ಮಾತಿಗೆ ಕೊರತೆಯಿಲ್ಲ. ಪಠ್ಯಪುಸ್ತಕ ಹೇಗಿರಬೇಕು, ಮಾಧ್ಯಮ ಯಾವುದಿರಬೇಕು, ಪರೀಕ್ಷೆ ಬೇಕೋ ಬೇಡವೋ ಎಂದು ಎರಡು ತಲೆಮಾರುಗಳಿಂದ ವಾದ ನಡೆದೇ ಇದೆ. ಇವುಗಳ ನಡುವೆ ಒಂದು ಸಣ್ಣ ಪ್ರಶ್ನೆ ಹಿಂದೆ ಬಿದ್ದಿದೆ. ಆರು ವರ್ಷದ ಮಗು ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುತ್ತದೆ. ಅಷ್ಟು ಹೊತ್ತು ಅದು ಏನು ಕಲಿಯಿತು, ಎಲ್ಲಿ ಎಡವಿತು, ನಾಳೆ ಏನು ಕಲಿಯಲಿದೆ ಎಂಬುದು ತಾಯಿತಂದೆಗಳಿಗೆ ಯಾರಿಂದ ತಿಳಿಯಬೇಕು? ಬೆಳಗಾವಿ ನಗರದ ಮತ್ತು ಖಾನಾಪುರ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಹಲವು ವರ್ಷ ಓಡಾಡಿದ ನನಗೆ ಈ ಪ್ರಶ್ನೆ ದೊಡ್ಡದಾಗಿಯೇ ಕಂಡಿದೆ. ಅದನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ನಮ್ಮ ಕಡೆ ಪಾಲಕರೂ ಶಿಕ್ಷಕರೂ ಭೆಟ್ಟಿಯಾಗುವುದು ಹೆಚ್ಚಾಗಿ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ. ಆಗ ನಡೆಯುವ ಸಂಭಾಷಣೆಯನ್ನು ತಾವೂ ಕೇಳಿರಬಹುದು.

“ನಮ್ಮ ಹುಡುಗ ಹೆಂಗದಾನ್ರೀ ಸರ್?”

“ಶಾಣ್ಯಾ ಅದಾನ್ರೀ. ಆದರ ಗದ್ದಲಾ ಭಾಳ ಮಾಡ್ತಾನ.”

“ಕಣ್ಣು ಒಂದು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡೀರಿ, ನಾವೇನೂ ಅನ್ನೂದಿಲ್ಲ.”

ಇಬ್ಬರೂ ಸಮಾಧಾನದಿಂದ ತಮ್ಮ ದಾರಿ ಹಿಡಿಯುತ್ತಾರೆ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದು ಈಗ ಕಾನೂನಿಗೆ ವಿರುದ್ಧ ಎಂಬ ಮಾತು ಬೇರೆ. ನಾನು ಹೇಳಬೇಕಾದದ್ದು, ಈ ಸಂಭಾಷಣೆಯಲ್ಲಿ ಕಲಿಕೆಯ ಸುದ್ದಿ ಒಂದಕ್ಷರವೂ ಇಲ್ಲ ಎಂಬುದು. ಹುಡುಗ ಓದುತ್ತಾನೆಯೇ, ಎಷ್ಟು ಓದುತ್ತಾನೆ, ಕಳೆಯುವ ಲೆಕ್ಕ ಬರುತ್ತದೆಯೇ ಎಂದು ತಂದೆ ಕೇಳಲಿಲ್ಲ, ಶಿಕ್ಷಕರು ಹೇಳಲಿಲ್ಲ. ಜ್ವರದ ಮಗುವನ್ನು ವೈದ್ಯರಲ್ಲಿಗೆ ಒಯ್ದಾಗ ಅವರು ‘ನಿಮ್ಮ ಮಗ ಒಳ್ಳೆಯವನು’ ಎಂದರೆ ನಾವು ಎದ್ದು ಬರುವುದಿಲ್ಲ; ಜ್ವರ ಎಷ್ಟಿದೆ, ಏನು ಮಾಡಬೇಕು ಎಂದು ಕೇಳಿಯೇ ಬರುತ್ತೇವೆ. ಶಾಲೆಯ ಮಟ್ಟಿಗೆ ಮಾತ್ರ ಸ್ವಭಾವವರ್ಣನೆಯಿಂದಲೇ ತೃಪ್ತರಾಗುತ್ತೇವೆ.

ಮೊದಲು ಹೀಗಿರಲಿಲ್ಲವೇನೋ ಎನ್ನಿಸುವಂಥ ಒಂದು ಪದ್ಧತಿ ನಮ್ಮಲ್ಲಿತ್ತು. ಸರ್ಕಾರಿ ಶಾಲೆಗಳು ಬರುವ ಮುಂಚೆ ಐಗಳು ನಡೆಸುತ್ತಿದ್ದ ಮಠಗಳಲ್ಲಿ, ಕೂಲಿಮಠಗಳೆಂದೂ ಅವನ್ನು ಕರೆಯುತ್ತಿದ್ದರು, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದರು. ಮಹಾನವಮಿ ಬಂತೆಂದರೆ ಐಗಳು ಈ ಹುಡುಗರ ಮೇಳ ಕಟ್ಟಿಕೊಂಡು ಮನೆಮನೆಗೆ ಹೋಗಿ ಪದ ಹೇಳಿಸುತ್ತಿದ್ದರು. ಕನ್ನಡ ನಾಡಿನ ಅನೇಕ ಕಡೆ ಈ ರೂಢಿಯಿತ್ತು. ಐಗಳ ಲಕ್ಷ್ಯ ಕಾಣಿಕೆಯ ಕಡೆಗೆ ಹೆಚ್ಚಾಗಿದ್ದಿರಬಹುದು. ಅವರ ಸಂಬಳ ಅದೇ ಆಗಿತ್ತು. ಆದರೂ ವರ್ಷಕ್ಕೆ ಒಮ್ಮೆಯಾದರೂ ಹುಡುಗ ತನ್ನ ಮನೆಯ ಹೊಸ್ತಿಲ ಮುಂದೆ ನಿಂತು, ಹೆತ್ತವರೂ ನೆರೆಯವರೂ ಕೇಳುವಂತೆ, ತನಗೆ ಬಂದದ್ದನ್ನು ಒಪ್ಪಿಸುತ್ತಿದ್ದ. ಶಾಲೆಯ ಸುದ್ದಿ ಮಗುವಿನ ಬಾಯಿಯಿಂದಲೇ ಮನೆಗೆ ಬರುತ್ತಿತ್ತು.

ಮುಂಬಯಿ ಸರ್ಕಾರದ ವಿದ್ಯಾ ಇಲಾಖೆ ಬಂದ ಮೇಲೆ ಶಾಲೆಗಳು ಹೆಚ್ಚಿದವು, ಪಾಠಕ್ಕೆ ಕ್ರಮ ಬಂತು. ಬೆಳಗಾವಿ ಧಾರವಾಡದ ಕಡೆ ಕನ್ನಡ ಶಾಲೆಗಳು ಬೇರೂರಿದ್ದು ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ. 19ನೆಯ ಶತಮಾನದ ಅರವತ್ತರ ದಶಕದಲ್ಲಿ ಶಿಕ್ಷಕರಿಗಾಗಿ ‘ಮಠಪತ್ರಿಕೆ’ಯೂ ಹೊರಟಿತು. ಇದೆಲ್ಲ ದೊಡ್ಡ ಕೆಲಸವೇ. ಆದರೆ ಅಂದಿನಿಂದ ಶಾಲೆಯ ಸುದ್ದಿ ಹರಿಯುವ ದಿಕ್ಕು ಬದಲಾಯಿತು. ಹಾಜರಿ, ದಾಖಲೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಮೇಲಕ್ಕೆ, ಇನ್ಸ್ಪೆಕ್ಟರ್ ಸಾಹೇಬರ ಕಡೆಗೆ ಹೋಗತೊಡಗಿದವು. ಮನೆಗೆ ತಿಳಿಯುತ್ತಿದ್ದದ್ದು ವರ್ಷದ ಕೊನೆಗೆ ಎರಡೇ ಮಾತು: ಪಾಸು ಅಥವಾ ನಾಪಾಸು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಹೀಗೆಯೇ ಸಾಗುತ್ತಿತ್ತು.

ಆಮೇಲೆ ಬಂದದ್ದು ಪ್ರಗತಿಪತ್ರ. ಹೆಸರಿನಲ್ಲಿ ಪ್ರಗತಿಯೂ ಇದೆ, ಪತ್ರವೂ ಇದೆ. ಪತ್ರವೆಂದರೆ ಒಬ್ಬರು ಇನ್ನೊಬ್ಬರಿಗೆ ತಿಳಿಯುವಂತೆ ಬರೆದದ್ದು. ಈ ಪತ್ರವನ್ನು ತೆರೆದರೆ ‘ರೂಪಣಾತ್ಮಕ ಮೌಲ್ಯಮಾಪನ’ ನಾಲ್ಕು, ‘ಸಂಕಲನಾತ್ಮಕ ಮೌಲ್ಯಮಾಪನ’ ಎರಡು, ಅವುಗಳ ಮುಂದೆ ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ ಎಂಬ ಶ್ರೇಣಿಗಳು, ಕೆಳಗೆ ‘ಪಾಲಕರ ಸಹಿ’ ಎಂಬ ಗೆರೆ. ವಡಗಾವಿಯ ಮಗ್ಗದ ಮನೆಯಲ್ಲಿ ಎರಡು ಪಾಳಿ ದುಡಿಯುವ ತಾಯಿಗೆ ಈ ‘ರೂಪಣಾತ್ಮಕ’ದಿಂದ ಏನು ರೂಪ ಕಾಣಬೇಕು? ಆಕೆ ಮಗನನ್ನೇ ಕೇಳುತ್ತಾಳೆ: ಏನಂತ ಬರದಾರಪ್ಪಾ? ಮಗ ಚೆನ್ನಾಗಿದೆ ಎನ್ನುತ್ತಾನೆ. ಆಕೆ ಗೆರೆಯ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ನ್ಯಾಯಾಲಯದಲ್ಲಿ ಆರೋಪಿಯನ್ನೇ ದುಭಾಷಿಯಾಗಿ ನಿಲ್ಲಿಸಿದರೆ ನಾವು ನಗುತ್ತೇವೆ. ಮನೆಮನೆಯಲ್ಲಿ ನಡೆಯುವುದು ಅದೇ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 24ನೆಯ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಲಕರ ಸಭೆಗಳನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ಅವರಿಗೆ ತಿಳಿಸಬೇಕು ಎಂಬುದು ಅವುಗಳಲ್ಲೊಂದು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಮುಂದೆ ಕೇಂದ್ರದ ಕಾಯಿದೆ ಹೇಳಿತು. ಇಂಥ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ಸೋರುವ ಚಾವಣಿ, ಶೌಚಾಲಯದ ನೀರು, ಬಿಸಿಯೂಟದ ಬೇಳೆ, ಕಂಪೌಂಡಿನ ಗೋಡೆ, ಎಲ್ಲದರ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಇವು ಕ್ಷುಲ್ಲಕ ವಿಷಯಗಳಲ್ಲ. ಖಾನಾಪುರದ ಮಳೆ ಕಂಡವರು ಸೋರುವ ಚಾವಣಿಯನ್ನು ಸಣ್ಣದೆನ್ನಲಾರರು. ಆದರೆ ಮೂರನೆಯ ತರಗತಿಯಲ್ಲಿ ಎಷ್ಟು ಮಕ್ಕಳು ಒಂದು ಪುಟ ಕತೆಯನ್ನು ತಡೆಯಿಲ್ಲದೆ ಓದುತ್ತಾರೆ ಎಂದು ಕೇಳಿದ ಸದಸ್ಯರನ್ನು ನಾನು ವಿರಳವಾಗಿ ಕಂಡೆ. ಅದು ಶಿಕ್ಷಕರ ರಾಜ್ಯ, ನಾವು ಕಾಲಿಡಬಾರದು ಎಂಬ ಸಂಕೋಚ ಅವರಿಗೆ.

ಇನ್ನು ಪರೀಕ್ಷೆಯ ಸುದ್ದಿಯಾದರೂ ನೇರವಾಗಿ ಬರುತ್ತದೆಯೇ ಎಂದರೆ, 2024ರಲ್ಲಿ ನಡೆದದ್ದನ್ನು ನೆನೆಯಬೇಕು. ಐದನೆಯ ತರಗತಿಯ ಮಕ್ಕಳೂ ಸೇರಿ ರಾಜ್ಯಮಟ್ಟದ ಪರೀಕ್ಷೆ ಬರೆದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲಿನಲ್ಲಿ ಫಲಿತಾಂಶಗಳಿಗೆ ತಡೆ ಬಂತು. ನ್ಯಾಯಾನ್ಯಾಯದ ಚರ್ಚೆ ನನ್ನದಲ್ಲ. ಹತ್ತು ವರ್ಷದ ಮಕ್ಕಳ ತಾಯಂದಿರು ಆ ಬೇಸಿಗೆಯಲ್ಲಿ ‘ಏನಾತ್ರೀ?’ ಎಂದು ಶಾಲೆಯ ಬಾಗಿಲಿಗೆ ಬಂದು ಕೇಳುತ್ತಿದ್ದದ್ದು ಮಾತ್ರ ನೆನಪಿದೆ.

ಸುದ್ದಿ ಮುಟ್ಟದಿದ್ದರೆ ಆಗುವ ಹಾನಿ ಎಂಥದು ಎಂಬುದಕ್ಕೆ ನಲಿಕಲಿಯ ಉದಾಹರಣೆ ಸಾಕು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದ ಶಿಕ್ಷಕರ ಕೈಯಲ್ಲಿ ಹುಟ್ಟಿದ ಈ ಪದ್ಧತಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ಅದರಲ್ಲಿ ಅಕ್ಷರಾಭ್ಯಾಸ ಅ, ಆ, ಇ, ಈ ಎಂದು ತೊಡಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತದೆ. ಅದಕ್ಕೆ ಕಾರಣವುಂಟು. ಇವುಗಳ ಆಕಾರ ಕೈಗೆ ಸುಲಭ. ಮತ್ತು ಈ ಐದೇ ಅಕ್ಷರಗಳಿಂದ ಸರ, ಅರಸ, ಗರಗಸ, ದಸರ ಎಂಬ ಪೂರ್ಣ ಪದಗಳಾಗುತ್ತವೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಮಗು ಮೊದಲ ತಿಂಗಳುಗಳಲ್ಲೇ ಓದಿನ ರುಚಿ ಕಾಣುತ್ತದೆ.

ಇದು ಮನೆಗೆ ತಿಳಿದಿರಲಿಲ್ಲ. ಎರಡು ತಿಂಗಳಾದ ಮೇಲೆ ಅಜ್ಜ ಮೊಮ್ಮಗಳನ್ನು ಮುಂದೆ ಕೂಡಿಸಿಕೊಂಡು ‘ಆ ಇ ಈ ಬರೀ’ ಎನ್ನುತ್ತಾನೆ. ಅವಳಿಗೆ ಬರುವುದಿಲ್ಲ. ‘ಸಾಲ್ಯಾಗ ಏನೂ ಕಲಸೂದಿಲ್ಲ’ ಎಂಬ ತೀರ್ಪು ಕಟ್ಟೆಯಿಂದ ಕಟ್ಟೆಗೆ ಹರಡುತ್ತದೆ. ‘ಗರಗಸ’ ಎಂದು ಬರೆದು ತೋರಿಸಿದ್ದರೆ ಅವಳು ಪಟಪಟನೆ ಓದುತ್ತಿದ್ದಳು; ಆದರೆ ಹಾಗೆ ಕೇಳಬೇಕೆಂದು ಅಜ್ಜನಿಗೆ ಯಾರೂ ಹೇಳಿರಲಿಲ್ಲ. ಮರು ಜೂನಿನಲ್ಲಿ ಅವಳನ್ನು ಹಳದಿ ವ್ಯಾನಿನಲ್ಲಿ ಬೆಳಗಾವಿಯ ಇಂಗ್ಲಿಷ್ ಶಾಲೆಗೆ ಕಳಿಸುತ್ತಾರೆ. ಹೀಗೆ ಮಕ್ಕಳು ಹೋದ ಮನೆಗಳನ್ನು ನಾನು ಬಲ್ಲೆ. ಶಾಲೆಗಳು ಖಾಲಿಯಾಗುವುದಕ್ಕೆ ಬೇರೆ ದೊಡ್ಡ ಕಾರಣಗಳಿವೆ, ಒಪ್ಪುತ್ತೇನೆ. ಆದರೆ ಹತ್ತು ನಿಮಿಷದ ವಿವರಣೆಯಿಂದ ನಿಲ್ಲಬಹುದಾಗಿದ್ದ ಮಕ್ಕಳೂ ಆ ಗುಂಪಿನಲ್ಲಿದ್ದರು.

ವಿಚಿತ್ರವೆಂದರೆ, ಅದೇ ನಲಿಕಲಿಯ ಕೋಣೆಯಷ್ಟು ಸುದ್ದಿಯನ್ನು ಗೋಡೆಯ ಮೇಲೆ ಬಿಚ್ಚಿಟ್ಟ ಕೋಣೆ ಇನ್ನೊಂದಿಲ್ಲ. ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳ ಕೈಕೆಲಸ ತೂಗುಬಿಟ್ಟಿರುತ್ತದೆ. ಕೆಳಗೆ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಯ ಸುತ್ತ ಕಪ್ಪುಹಲಗೆ. ಕಲಿಕೆಯ ಏಣಿಯ ಪ್ರತಿ ಮೆಟ್ಟಿಲಿಗೂ ಒಂದೊಂದು ಚಿತ್ರ. ‘ಪ್ರಗತಿ ನೋಟ’ವೆಂಬ ಹಾಳೆಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದು ತಲುಪಿದ ಮೆಟ್ಟಿಲಿನ ಗುರುತು. ಓದು ಬಾರದ ತಾಯಿಯೂ ಐದು ನಿಮಿಷ ನಿಂತರೆ ತನ್ನ ಮಗಳು ಎಲ್ಲಿದ್ದಾಳೆಂದು ಬೆರಳಿಟ್ಟು ತೋರಿಸಬಹುದು. ಆದರೆ ತಾಯಿ ಒಳಗೆ ಬರಬೇಕಲ್ಲ! ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಜುಲೈಯಲ್ಲಿ ಜಾಂಬೋಟಿ, ಕಣಕುಂಬಿಯ ಕಡೆ ಆ ಹೊತ್ತಿಗೆ ಆಕೆ ಭತ್ತದ ಗದ್ದೆಯಲ್ಲಿ ನಾಟಿಗೆ ಬಗ್ಗಿರುತ್ತಾಳೆ. ಗಂಡ ಗೋವೆಗೆ ಕೆಲಸಕ್ಕೆ ಹೋಗಿರುತ್ತಾನೆ.

ಭಾಷೆಯ ತೊಡಕು ಇದಕ್ಕಿಂತ ಆಳವಾದದ್ದು. ಖಾನಾಪುರ ತಾಲೂಕಿನ ಪೂರ್ವಕ್ಕೆ ಬೀಡಿ, ಇಟಗಿ, ಕಕ್ಕೇರಿಯ ಬಯಲಿನಲ್ಲಿ ಮನೆಯ ಮಾತು ಕನ್ನಡ. ಪಶ್ಚಿಮದ ಕಾಡಿನ ಕಡೆ ಹೋದಂತೆ ಮರಾಠಿ, ಅಲ್ಲಲ್ಲಿ ಕೊಂಕಣಿ. ಬೆಳಗಾವಿ ನಗರದಲ್ಲಿ ಒಂದೇ ಗಲ್ಲಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಸುತ್ತವೆ. ಮಕ್ಕಳು ಹೋಗುವ ಶಾಲೆಯ ಮಾಧ್ಯಮ ನಾಲ್ಕನೆಯದಾದ ಇಂಗ್ಲಿಷೂ ಆಗಿರುತ್ತದೆ. ಇದರಲ್ಲಿ ರಾಜಕೀಯ ಎಷ್ಟಿದೆಯೋ ತಾವೇ ಬಲ್ಲಿರಿ. ನಾನು ಹೇಳುವುದು ಅಡುಗೆಮನೆಯ ಮಾತು. ಬಾಳಬೋಧ ಮಾತ್ರ ಬಲ್ಲ ತಾಯಿಗೆ ಕನ್ನಡದ ಪ್ರಗತಿಪತ್ರವೂ, ಕನ್ನಡ ಬಲ್ಲ ತಂದೆಗೆ ಇಂಗ್ಲಿಷಿನ ಶಾಲಾ ಡೈರಿಯೂ ಒಂದೇ ಬಗೆಯ ಮೌನ. ನಗರದಲ್ಲಿ ಈಗ ಡೈರಿಯ ಜೊತೆಗೆ ವಾಟ್ಸಾಪ್ ಬಳಗವೂ ಇದೆ. ನಾಳೆ ಬಣ್ಣದ ಕಾಗದ ತರಬೇಕು, ಶುಲ್ಕ ಕಟ್ಟಬೇಕು, ಬಿಳಿ ಬೂಟು ಹಾಕಬೇಕು ಎಂದು ಸಂದೇಶಗಳು ಸುರಿಯುತ್ತವೆ. ಮಗು ಏನು ಕಲಿಯಿತೆಂಬುದನ್ನು ಅವುಗಳಲ್ಲಿ ಹುಡುಕಿ ತೆಗೆಯಬೇಕು. ಸಂದೇಶ ಹೆಚ್ಚಾದಷ್ಟೂ ಸುದ್ದಿ ಹೆಚ್ಚಾಗುತ್ತದೆಂದು ತಿಳಿಯಲಾಗದು.

ಹಾಗಾದರೆ ಓದು ಬಾರದ, ಅಥವಾ ಬೇರೆ ಲಿಪಿ ಬಲ್ಲ ಮನೆಗೆ ಸುದ್ದಿ ಮುಟ್ಟಿಸುವ ದಾರಿ ಯಾವುದು? ಕಿವಿ ಎಂದು ನನ್ನ ಅಭಿಪ್ರಾಯ. ಮಗು ಗಟ್ಟಿಯಾಗಿ ಓದುತ್ತಿರುವಾಗ ಅದು ನೀರಿನಂತೆ ಹರಿಯುತ್ತಿದೆಯೋ, ಕಲ್ಲು ಎಣಿಸಿದಂತೆ ನಿಂತು ನಿಂತು ಬರುತ್ತಿದೆಯೋ ಎಂಬುದನ್ನು ಅರಿಯಲು ತಾಯಿಗೆ ಲಿಪಿ ಬೇಕಿಲ್ಲ. 2005ರಲ್ಲಿ ಪ್ರಥಮ್ ಸಂಸ್ಥೆ ತೊಡಗಿದ ‘ಅಸರ್’ ಸಮೀಕ್ಷೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರ ಅಂಕಿಗಳ ಮೇಲೆ ಜಗಳಗಳಾಗುತ್ತವೆ. ಅದರ ಒಂದು ಗುಣವನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ: ಪರೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಮನೆಯ ಅಂಗಳದಲ್ಲಿ. ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕತೆ. ಇಷ್ಟನ್ನು ಮಗುವಿನಿಂದ ಓದಿಸುತ್ತಾರೆ. ಮನೆಯವರು ಸುತ್ತ ನಿಂತು ಕೇಳುತ್ತಾರೆ. 2020ರ ಆಗಸ್ಟಿನಲ್ಲಿ, ಮಹಾಮಾರಿಯಿಂದ ಶಾಲೆ ಮುಚ್ಚಿದ್ದಾಗ, ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಪಡಸಾಲೆಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಆ ಎರಡು ತಿಂಗಳು ನೀರು ತುಂಬುತ್ತ, ಅಕ್ಕಿ ಆರಿಸುತ್ತ ತಾಯಂದಿರು ಪಾಠವನ್ನು ಕಿವಿಯಾರೆ ಕೇಳಿದರು. ಯಾರ ಮಗು ಎಲ್ಲಿ ತೊದಲುತ್ತದೆ ಎಂಬುದು ಓಣಿಗೆಲ್ಲ ತಿಳಿಯಿತು. ಅದರಲ್ಲಿ ಸ್ವಲ್ಪ ಅವಮಾನವೂ ಇತ್ತು; ಶಾಲೆಗಳು ತೆರೆದ ಮೇಲೆ ಅದನ್ನು ಮುಂದುವರಿಸುವುದಾದರೆ ಪ್ರತಿ ಮನೆಗೂ ಅದರ ಮಗುವಿನ ಸುದ್ದಿ ಮಾತ್ರ ಹೋಗುವಂತೆ ನೋಡಿಕೊಳ್ಳಬೇಕಾಗಿತ್ತು.

ಖಾನಾಪುರದ ಆಚೆ, ಹೆಚ್ಚಿನ ಮನೆಗಳ ಮಾತು ಮರಾಠಿಯಾದ ಒಂದು ಊರಿನ ಕನ್ನಡ ಶಾಲೆಯಲ್ಲಿ ಒಬ್ಬ ಅಕ್ಕೋರು ಇದಕ್ಕೆ ಸರಳವಾದ ಉಪಾಯ ಮಾಡಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಡುವಾಗ ಪ್ರತಿ ಮಗುವಿನ ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಆ ಮಗುವಿಗೆ ಬಹುಮಟ್ಟಿಗೆ ಓದಲು ಬರುವ ಆರೇಳು ಸಾಲು. ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು, ಅದು ತಾಯಿಯಾಗಲಿ ಅಜ್ಜಿಯಾಗಲಿ, ಓದು ಸಲೀಸಾಗಿ ಹರಿದರೆ ಒಂದು ಸೊನ್ನೆ, ತಡೆದರೆ ಒಂದು ಗೆರೆ ಹಾಕಬೇಕು. ಅಷ್ಟೇ. ಇದನ್ನು ಅವರು ಸಭೆ ಕರೆದು ಹೇಳಲಿಲ್ಲ. ನಾಟಿಯಿಂದ ತಿರುಗಿ ಬರುವ ಹೊತ್ತಿಗೆ ಬಾವಿಯ ಕಟ್ಟೆಯಲ್ಲಿ ನಿಂತು ಮರಾಠಿಯಲ್ಲೇ ಹೇಳಿದರು.

ಒಂದು ಸೋಮವಾರ ಚೀಟಿಗಳು ತಿರುಗಿ ಬಂದಾಗ ನಾನು ಅಲ್ಲಿದ್ದೆ. ಕೆಲವು ಬಂದಿರಲಿಲ್ಲ, ಒಂದೆರಡು ಮಳೆಯಲ್ಲಿ ನೆನೆದಿದ್ದವು. ಮೂರನೆಯ ತರಗತಿಯ ಒಬ್ಬ ಹುಡುಗಿಯ ಚೀಟಿಯ ಮೇಲೆ ಸೊನ್ನೆಯೂ ಇತ್ತು, ಗೆರೆಯೂ ಇತ್ತು. ಹಿಂಬದಿಯಲ್ಲಿ ಅವಳ ಅಣ್ಣನ ಕೈಬರಹ. ತಾಯಿ ಹೇಳಿ ಬರೆಸಿದ್ದಳು. ಓದು ಚೆನ್ನಾಗಿ ಹೋಗುತ್ತದೆ, ಆದರೆ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕುಳಿತಲ್ಲೆಲ್ಲ ಹುಡುಗಿ ನಿಲ್ಲುತ್ತಾಳೆ ಎಂದು ಅದರ ತಾತ್ಪರ್ಯ. ಕನ್ನಡದ ಒಂದಕ್ಷರ ಬಾರದ ಆಕೆ ಮಗಳ ಬೆರಳು ಎಲ್ಲಿ ತಡೆಯುತ್ತದೆಂದು ನೋಡುತ್ತ ಕುಳಿತು ಒತ್ತಕ್ಷರವನ್ನು ಕಂಡುಹಿಡಿದಿದ್ದಳು. ಅಕ್ಕೋರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಆ ಹುಡುಗಿಯನ್ನೂ ಇನ್ನಿಬ್ಬರನ್ನೂ ಕಿಟಕಿಯ ಬದಿಗೆ ಕರೆದು, ಹಲಗೆಯ ಮೇಲೆ ‘ಕತೆ’ ಎಂದು ಬರೆದು, ಅದರ ಪಕ್ಕದಲ್ಲಿ ‘ಕತ್ತೆ’ ಎಂದು ಬರೆದರು.