ಪಾದರಕ್ಷೆಗೆ ಯಾರು ರಕ್ಷೆ?

ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಗಾದೆ ಕಟ್ಟಿದರು. ಕಾಲು ಕೆಸರಾದರೆ ಏನಾಗುವುದೆಂದು ಅವರು ಹೇಳಿ ಹೋಗಲಿಲ್ಲ. ಹೇಳುವ ಅಗತ್ಯ ಅವರಿಗೆ ಬಿದ್ದಿರಲಾರದು. ಅಂಗಳದ ಮೂಲೆಯಲ್ಲಿ ನೀರಿನ ಹಂಡೆ ಇರುತ್ತಿತ್ತು. ಎರಡು ತಂಬಿಗೆ ನೀರು ಸುರಿದುಕೊಂಡರೆ ಕೆಸರು ಹೋಗಿ ಕಾಲು ಮತ್ತೆ ಕಾಲೇ ಆಗುತ್ತಿತ್ತು. ಕಷ್ಟ ಬಂದಿರುವುದು ಬೂಟು, ಕಾಲುಚೀಲ ತೊಟ್ಟ ಕಾಲಿಗೆ. ತಂಬಿಗೆ ನೀರಿನಿಂದ ಅದು ಶುಚಿಯಾಗುವುದಿಲ್ಲ. ಒಮ್ಮೆ ನೆನೆದರೆ ದಿನವಿಡೀ ಒಣಗುವುದೂ ಇಲ್ಲ.

'ಪಾದರಕ್ಷೆ' ಎಂಬ ಸಮಾಸವನ್ನು ಬಿಡಿಸಿ ನೋಡಿ. ಪಾದಕ್ಕೆ ರಕ್ಷೆಯಾದುದು ಪಾದರಕ್ಷೆ. ನಮ್ಮ ಕರಾವಳಿಯಲ್ಲಿ ಮೃಗಶಿರಾ ಮಳೆ ಹಿಡಿದ ಮೇಲೆ ಈ ಸಮಾಸ ತಲೆಕೆಳಗಾಗುತ್ತದೆ. ಹೊಂಡ ತಪ್ಪಿಸುತ್ತ, ಬೆರಳ ತುದಿಯಲ್ಲಿ ಹಾರುತ್ತ, ರಕ್ಷೆಯನ್ನೇ ರಕ್ಷಿಸಲು ಪಾದಗಳು ಪಡುವ ಪಾಡು ನೋಡಿದರೆ ಯಾವುದು ಯಾವುದಕ್ಕೆ ಕಾವಲು ಎಂಬುದೇ ಮರೆತುಹೋಗುತ್ತದೆ. ಬೂಟಿಗೂ ಕಾಲುಚೀಲಕ್ಕೂ ಕೆಸರು ಸಿಡಿಯದಂತೆ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ. ಕೊನೆಗೆ ಕಾಪಾಡಬೇಕಾದುದು ಪಾದವನ್ನು ಎಂಬುದನ್ನೂ ಮರೆಯದಿರೋಣ.

ಕುಮಟಾ ತಾಲ್ಲೂಕಿನ ಕಾಗಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಪಡುವಣಕ್ಕೆ ಅರಬ್ಬೀ ಸಮುದ್ರ, ಹತ್ತಿರದಲ್ಲೇ ಅಘನಾಶಿನಿಯ ಅಳಿವೆ, ಜೊತೆಗೆ ಕೆಂಪುಕಲ್ಲಿನ ನೆಲ. ಭಟ್ಕಳ, ಹೊನ್ನಾವರ, ಕುಮಟಾಗಳ ಈ ಪಟ್ಟಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಇಲ್ಲಿ ಕೆಸರೂ ಎರಡು ಬಗೆ. ಒಂದು, ಅಳಿವೆಯ ಬದಿಯಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯ ಕಪ್ಪು ಜಿಗುಟು ಕೆಸರು. ಇನ್ನೊಂದು, ಗುಡ್ಡದ ದಾರಿಯ ಕೆಂಪು ಕೆಸರು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ೧೮೦೦ರಲ್ಲಿ ಮಲಬಾರಿನಲ್ಲಿ ಈ ಕೆಂಪುಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡ. ಮರುವರ್ಷ ನಮ್ಮ ಕರಾವಳಿಯಲ್ಲೂ ಸಂಚರಿಸಿದ. ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಮಾತನ್ನು ಹಿಡಿದು ಆ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅದರ ಕೆಂಪು ಎಂದರೆ ಕಬ್ಬಿಣದ ತುಕ್ಕಿನ ಕೆಂಪೇ. ಬಿಳಿಯ ಕಾಲುಚೀಲಕ್ಕೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ.

ಶತ್ರು ಎಲ್ಲಿಂದ ಬರುತ್ತಾನೆಂದು ತಿಳಿದರೆ ಅರ್ಧ ಯುದ್ಧ ಗೆದ್ದಂತೆ. ಕೆಸರು ಸಿಡಿಯುವುದು ಮೂರು ಕಡೆಯಿಂದ: ಬೀಳುವ ಹನಿಯಿಂದ, ನಮ್ಮದೇ ಹಿಮ್ಮಡಿಯಿಂದ, ಓಡುವ ಗಾಲಿಯಿಂದ.

ಮೊದಲು ಹನಿಯ ಮಾತು. ಐದು ಮಿಲಿಮೀಟರು ಗಾತ್ರದ ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರು ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಬಿದ್ದ ಕ್ಷಣದಲ್ಲಿ ಅದು ಒಡೆದು ಸುತ್ತಲೂ ಕಿರೀಟದಂತೆ ಎದ್ದು ನಿಲ್ಲುವುದನ್ನು ವರ್ದಿಂಗ್‌ಟನ್ ಎಂಬ ಆಂಗ್ಲ ವಿಜ್ಞಾನಿ ಮಿಂಚಿನ ಬೆಳಕಿನಲ್ಲಿ ಛಾಯಾಚಿತ್ರ ಹಿಡಿದು, ೧೯೦೮ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಬರಿಯ ಮಣ್ಣಿನ ಮೇಲೆ ಹೀಗೆ ಒಡೆದ ಹನಿ ಮಣ್ಣಿನ ಕಣಗಳನ್ನು ಎರಡು ಅಡಿ ಎತ್ತರಕ್ಕೂ, ಪಕ್ಕಕ್ಕೆ ಐದು ಅಡಿ ದೂರಕ್ಕೂ ಎಸೆಯಬಲ್ಲದು. ಶಾಲೆಯ ಹುಡುಗನ ಕಾಲುಚೀಲ ಆ ಎರಡು ಅಡಿಯ ಒಳಗೇ ಇದೆಯಲ್ಲವೇ? ಕೊಡೆ ಎಷ್ಟೇ ದೊಡ್ಡದಿರಲಿ, ಮೇಲಿನ ಮಳೆಯನ್ನು ತಡೆದೀತು; ಕೆಳಗಿನಿಂದ ಏಳುವ ಮಳೆಯನ್ನು ತಡೆಯಲಾರದು.

ನಮ್ಮ ಮನೆಗಳಿಗೆ ಈ ವಿದ್ಯೆ ಹೊಸದಲ್ಲ. ಇರಚಲು ಹೊಡೆದು ಗೋಡೆ, ಜಗಲಿ ನೆನೆಯದಿರಲೆಂದು ಮಳೆಗಾಲಕ್ಕೆ ಮುಂಚೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತೇವೆ. ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸುತ್ತೇವೆ. ಅದೇ ಜಾಣತನವನ್ನು ಬಾಗಿಲಿನಿಂದ ರಸ್ತೆಯವರೆಗಿನ ನೆಲಕ್ಕೂ ತೋರಿಸಬೇಕು. ಸೂರಿನ ನೀರು ಸಾಲಾಗಿ ಬೀಳುವ ಕಡೆ ಗೇಣಗಲ ಜಲ್ಲಿಯನ್ನೋ ಹೊಳೆಯ ಉರುಟು ಕಲ್ಲನ್ನೋ ಹರಡಿ. ಹನಿ ಕಲ್ಲಿನ ಸಂದಿಗೆ ಇಳಿಯುತ್ತದೆ. ಮಣ್ಣನ್ನು ಎತ್ತಿ ಎಸೆಯುವುದಿಲ್ಲ. ಕಾಲುದಾರಿಯ ಅಂಚಿನಲ್ಲಿ ಹುಲ್ಲು ಬೆಳೆದಿದ್ದರೆ ಕೆತ್ತಿ ತೆಗೆಯಬೇಡಿ. ಹುಲ್ಲಿಲ್ಲದಿದ್ದರೆ ಒಂದು ಹೆಡಿಗೆ ದರಕು ಹರಡಿದರೂ ಆದೀತು. ಹನಿಯ ಪೆಟ್ಟು ಎಲೆಗೆ ಬೀಳಬೇಕೇ ಹೊರತು ಬರಿಯ ಮಣ್ಣಿಗಲ್ಲ ಎಂಬುದಿಷ್ಟೇ ಇದರ ಸೂತ್ರ. ಹೂವಿನ ಗಿಡದ ಬುಡಕ್ಕೆ ಎಲೆ ಹಾಸುವುದೂ ಇದಕ್ಕಾಗಿಯೇ.

ಎರಡನೆಯವನು ನಮ್ಮ ಬೆನ್ನ ಹಿಂದೆಯೇ ಇರುವ ಗುಪ್ತಶತ್ರು. ರಬ್ಬರಿನ ಹವಾಯಿ ಚಪ್ಪಲಿ ಮೆಟ್ಟಿ ಕೆಸರಿನಲ್ಲಿ ಅರ್ಧ ಫರ್ಲಾಂಗು ನಡೆದು ಪಂಚೆಯ ಹಿಂಭಾಗ ನೋಡಿಕೊಳ್ಳಿ. ಸೊಂಟದವರೆಗೂ ಚುಕ್ಕೆಯ ರಂಗೋಲಿ! ಈ ಚಪ್ಪಲಿ ಬೆರಳಿಗೆ ಮಾತ್ರ ಕಚ್ಚಿಕೊಂಡಿರುತ್ತದೆ, ಹಿಮ್ಮಡಿಗಲ್ಲ. ಹೆಜ್ಜೆ ಎತ್ತಿದಾಗ ಅದರ ಹಿಂತುದಿ ನೆಲದಲ್ಲೇ ಹಿಂದುಳಿದು, ಬಾಗಿ, ಆಮೇಲೆ ಬಿಲ್ಲಿನಂತೆ ಚಿಮ್ಮಿ ಹಿಮ್ಮಡಿಗೆ ಬಡಿಯುತ್ತದೆ. ಆ ಚಿಮ್ಮುವಿಕೆಯೇ ಕೆಸರನ್ನು ಮೇಲಕ್ಕೆ ಎಸೆಯುವುದು. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯಲ್ಲಿ ಈ ಕಾಟ ಬಹುಮಟ್ಟಿಗೆ ಇಲ್ಲ. ಪಟ್ಟಿಯಿಲ್ಲದವರು ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಎಳೆಯದೆ ನೇರವಾಗಿ ಎತ್ತಿ ಇಡಲಿ. ಅವಸರದಲ್ಲಿ ಓಡುವವನಿಗೇ ಕೆಸರಿನ ಸನ್ಮಾನ ಹೆಚ್ಚು.

ಮೂರನೆಯದು ಗಾಲಿ. ಸೈಕಲ್ಲು, ಸ್ಕೂಟರುಗಳ ಮುಂದಿನ ಚಕ್ರ ನೆಲದ ನೀರನ್ನು ಹೊತ್ತು, ನೆಲ ಬಿಟ್ಟೊಡನೆ ಹಿಂದಕ್ಕೆ ಎಸೆಯುತ್ತದೆ. ಅಲ್ಲೇ ಸವಾರನ ಪಾದಗಳಿರುತ್ತವೆ. ಚಕ್ರದ ಮೇಲಿನ ತಗಡು ನೆಲದಿಂದ ಬಹಳ ಎತ್ತರದಲ್ಲಿ ಮುಗಿಯುವುದರಿಂದ ಅದೊಂದೇ ಸಾಲದು. ಹಳೆಯ ಟ್ಯೂಬನ್ನೋ ರಬ್ಬರು ಹಾಳೆಯನ್ನೋ ಅಂಗೈಯಗಲ ಕತ್ತರಿಸಿ, ಆ ತಗಡಿನ ಕೊನೆಗೆ ಎರಡು ತಿರುಪು ಹಾಕಿ, ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಇಳಿಬಿಟ್ಟರೆ ಬೂಟಿಗೆ ಬೀಳುವ ನೀರು ಬಹಳ ಕಡಿಮೆಯಾಗುತ್ತದೆ. ಅದು ಚಕ್ರಕ್ಕೆ ಸಿಕ್ಕಿಕೊಳ್ಳದಷ್ಟು ಬಿಗಿಯಾಗಿರಲಿ. ಇನ್ನು ನಡೆದು ಹೋಗುವವರು ರಸ್ತೆಯ ಬಲಬದಿ ಹಿಡಿದು, ವಾಹನಗಳಿಗೆ ಎದುರಾಗಿ ನಡೆಯಲಿ. ಎದುರಿನ ಹೊಂಡವೂ ಬರುವ ಗಾಡಿಯೂ ಒಟ್ಟಿಗೆ ಕಾಣುತ್ತವೆ. ಎರಡು ಹೆಜ್ಜೆ ಸರಿದು ನಿಲ್ಲಲು ಸಮಯ ಸಿಗುತ್ತದೆ. ಕಾರು ನಡೆಸುವವರಲ್ಲೂ ಒಂದು ವಿನಂತಿ. ವೇಗ ಅರ್ಧಕ್ಕಿಳಿದರೆ ಸಿಡಿಯುವ ನೀರಿನ ರಭಸದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ನಿಮಗೆ ಅದು ಅರ್ಧ ನಿಮಿಷದ ತಡ. ದಾರಿಬದಿಯ ಮಗುವಿಗೆ ಇಡೀ ದಿನದ ಒಗೆತ.

ಲೋಕದ ಇತರ ಜನರೂ ಈ ಕಷ್ಟ ಪಟ್ಟವರೇ. ಐರೋಪ್ಯ ಸ್ತ್ರೀಯರು ಪಾದರಕ್ಷೆಯ ಕೆಳಗೆ ಕಬ್ಬಿಣದ ಬಳೆಯುಳ್ಳ ಮರದ ಅಟ್ಟೆ ಕಟ್ಟಿಕೊಂಡು ಕೆಸರಿನಿಂದ ಮೇಲೆದ್ದು ನಡೆದರು. ಜಪಾನೀಯರು ಎತ್ತರದ ಮರದ 'ಗೆತಾ' ಮೆಟ್ಟಿ, ಮಳೆ ಬಂದರೆ ಬೆರಳಿನ ತುದಿಗೊಂದು ಮುಸುಕು ಹಾಕಿದರು. ನಮ್ಮ ಹಾವುಗೆಯೂ ಅದೇ ಜಾತಿ. ಸಂಸ್ಕೃತದ 'ಪಾದುಕಾ' ಸವೆದು ನಮ್ಮಲ್ಲಿ 'ಹಾವುಗೆ' ಆಯಿತು. ಮಾತು ಸವೆದರೂ ಮರ ಪಾದವನ್ನು ನೆಲದಿಂದ ಎತ್ತಿಯೇ ಹಿಡಿಯಿತು. ಪಥಸಂಚಲನದ ವಾದ್ಯವೃಂದದವರ ಬೂಟಿನ ಮೇಲೆ ಕಾಣುವ ಬಿಳಿಯ ಹೊದಿಕೆಗೆ 'ಸ್ಪ್ಯಾಟ್ಸ್' ಎನ್ನುತ್ತಾರೆ. ಸಿಡಿತ ತಡೆಯುವುದು ಎಂಬ ಅರ್ಥದ ಉದ್ದ ಹೆಸರೊಂದು ತುಂಡಾಗಿ ಆದ ಮಾತು ಅದು. ಇಂದು ಅಲಂಕಾರ, ಅಂದು ಕೆಸರಿನ ಕಾವಲು. ಬ್ರೆಜಿಲಿನಿಂದ ಬಂದ ಮೊದಲ ರಬ್ಬರು ಮೇಲುಬೂಟುಗಳು ಬೇಸಗೆಗೆ ಅಂಟಾಗಿ, ಚಳಿಗೆ ಸೆಟೆದು ನಿರುಪಯೋಗವಾಗುತ್ತಿದ್ದವು. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನ ಕಂಡುಹಿಡಿದ ಮೇಲೆಯೇ ಅವು ನೆಟ್ಟಗಾದವು.

ಇವೆಲ್ಲವುಗಳ ತಂತ್ರ ಎರಡೇ: ಪಾದವನ್ನು ಎತ್ತುವುದು, ಇಲ್ಲವೇ ಮುಚ್ಚುವುದು. ಮೂರನೆಯ ತಂತ್ರ ನಮ್ಮ ಕರಾವಳಿಯ ಹಿರಿಯರದು: ಮೆಟ್ಟನ್ನು ಕೈಯಲ್ಲಿ ಹಿಡಿದು ಕೆಸರು ದಾಟಿ, ಆಚೆ ಕಾಲು ತೊಳೆದು ಮತ್ತೆ ಮೆಟ್ಟುವುದು. ಪೇಟೆಯ ಕಣ್ಣಿಗೆ ಇದು ಹಳ್ಳಿಗಮಾರತನವಾಗಿ ಕಂಡೀತು. ಆದರೆ ವೈದ್ಯಶಾಸ್ತ್ರ ಅವರ ಪಕ್ಷದಲ್ಲಿದೆ.

ಹೇಗೆಂದರೆ, ಒದ್ದೆಯಾದ ಬರಿಗಾಲು ಒರೆಸಿದರೆ ಒಣಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಆಷಾಢದಲ್ಲಿ ಒದ್ದೆ ಬೂಟಿನೊಳಗಿನ ಒದ್ದೆ ಕಾಲುಚೀಲ ಸಂಜೆಯಾದರೂ ಒಣಗದು. ಅದರೊಳಗೆ ಚರ್ಮ ನೆನೆದು, ಬಿಳಿಚಿ, ಸುಕ್ಕಾಗಿ, ಬೆರಳ ಸಂದಿಯಲ್ಲಿ ಬಿರಿಯುತ್ತದೆ. ಬಿರಿದಲ್ಲಿ ಹುಳುಕಡ್ಡಿಯಂಥ ಶಿಲೀಂಧ್ರ ನೆಲೆಸುತ್ತದೆ. ಮಳೆಗಾಲದಲ್ಲಿ ಕರಾವಳಿಯನ್ನು ಕಾಡುವ ಇಲಿಜ್ವರದ ರೋಗಾಣು ಕೂಡ ನಿಂತ ನೀರಿನಿಂದ ಒಳಹೊಗುವುದು ಇಂಥ ಬಿರುಕು, ಗಾಯ, ನೆನೆದ ಚರ್ಮಗಳ ಮೂಲಕವೇ. ಮಧುಮೇಹವುಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧದಲ್ಲಿ ನೀರು ತುಂಬಿದ ಕಂದಕಗಳಲ್ಲಿ ನಿಂತ ಸೈನಿಕರ ಪಾದಗಳು ಬೂಟಿನೊಳಗೇ ಊದಿ, ಕಪ್ಪಾಗಿ, ಕೆಲವರ ಬೆರಳುಗಳನ್ನೂ ಪಾದಗಳನ್ನೂ ಕತ್ತರಿಸಬೇಕಾಯಿತು. ಅದಕ್ಕೆ ಸೈನ್ಯ ಕಂಡುಕೊಂಡ ಮುಖ್ಯ ಉಪಾಯ ದುಬಾರಿಯದೇನಲ್ಲ. ಕಾಲು ಒರೆಸಿ ಒಣ ಕಾಲುಚೀಲ ಬದಲಿಸುವುದು, ಅಧಿಕಾರಿ ಪಾದಗಳನ್ನು ಪರೀಕ್ಷಿಸುವುದು, ಇಷ್ಟೇ.

ನಮ್ಮ ರಾಜ್ಯದಲ್ಲಿ ೨೦೧೫-೧೬ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಕಾಲುಚೀಲ ಕೊಡುವ ಯೋಜನೆ ಬಂತು. ಬರಿಗಾಲಿನ ಮಕ್ಕಳಿಗೆ ಅದು ಉಪಕಾರವೇ, ಸಂದೇಹವಿಲ್ಲ. ಎರಡನೆಯ ಜೊತೆ ಕಾಲುಚೀಲದ ನಿಜವಾದ ಉಪಯೋಗ ಮಳೆಗಾಲದಲ್ಲಿದೆ: ಅದು ಚೀಲದಲ್ಲಿರಬೇಕು, ಕಾಲಲ್ಲಲ್ಲ. ಮಗು ಪಟ್ಟಿಯ ಚಪ್ಪಲಿಯಲ್ಲಿ ಶಾಲೆಗೆ ಬರಲಿ. ನಲ್ಲಿಯ ಬಳಿ ಕಾಲು ತೊಳೆದು, ಬೆರಳ ಸಂದಿಯನ್ನು ಹಳೆಯ ಪಂಚೆಯ ತುಂಡಿನಿಂದ ಚೆನ್ನಾಗಿ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ತಂದ ಒಣ ಕಾಲುಚೀಲವನ್ನೂ ಬೂಟನ್ನೂ ತೊಡಲಿ. ಬೂಟು ಹೊರುವುದು ಭಾರವಾದರೆ ಚಪ್ಪಲಿಯಲ್ಲೇ ಕುಳಿತು ಪಾಠ ಕೇಳಲಿ. ವ್ಯಾಕರಣಕ್ಕೆ ಅದರಿಂದ ಯಾವ ಲೋಪವೂ ಬಾರದು, ಆಗಮವೂ ಬಾರದು! ಪ್ರಾರ್ಥನೆಯ ಸಾಲಿನಲ್ಲಿ ಬೂಟಿನ ಹೊಳಪು ನೋಡುವ ಮಾಸ್ತರರು, ನಾನೂ ಆ ವರ್ಗದವನೇ, ಮಳೆಗಾಲದ ನಾಲ್ಕು ತಿಂಗಳು ಹೊಳಪಿನ ಬದಲು ಪಾದಗಳನ್ನು ನೋಡುವುದು ಲೇಸು. ಒದ್ದೆ ಕಾಲುಚೀಲದಲ್ಲಿ ಆರು ತಾಸು ಕುಳಿತ ಮಗುವಿಗೆ ಸಮವಸ್ತ್ರ ಪೂರ್ತಿಯಾಗಿದೆ ಎಂಬುದರಿಂದ ಯಾವ ಸಮಾಧಾನವೂ ಇಲ್ಲ. ತಾಯಿತಂದೆಯರು ಶಾಲಾಭಿವೃದ್ಧಿ ಸಮಿತಿಯಲ್ಲಿ ಈ ಮಾತನ್ನು ಮೇ ತಿಂಗಳಲ್ಲೇ ಎತ್ತಬೇಕು. ಬೂಟು ನೆನೆದ ಮೇಲಲ್ಲ.

ಎಷ್ಟು ಎಚ್ಚರವಿದ್ದರೂ ಕೆಸರು ಸಿಡಿಯುವ ದಿನ ಬಂದೇ ಬರುತ್ತದೆ. ಆಗ ಮಾಡಬೇಕಾದುದಿಷ್ಟು. ಬೂಟಿನ ಕೆಸರನ್ನು ಹಸಿಯಲ್ಲಿ ತಿಕ್ಕಿದರೆ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ. ಗಜನಿಯ ಉಪ್ಪು ಕೆಸರಾದರೆ ಮಾತ್ರ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಉಪ್ಪು ಉಳಿದರೆ ಗಾಳಿಯ ತೇವವನ್ನು ಸದಾ ಎಳೆಯುತ್ತಿರುತ್ತದೆ. ಒಳಗೆ ವೃತ್ತಪತ್ರಿಕೆಯ ಉಂಡೆ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಬಚ್ಚಲೊಲೆಯ ಬಾಯಿಗೆ ಇಡಬೇಡಿ. ಒದ್ದೆ ಚರ್ಮಕ್ಕೆ ಕಾವು ತಗಲಿದರೆ ಸೆಟೆದು ಬಿರಿಯುತ್ತದೆ. ಒಲೆಯಿಂದ ದೂರ, ಬೆಚ್ಚಗಿನ ಗಾಳಿಯಾಡುವ ಕಡೆ ತೂಗುಹಾಕಿ. ಒಣಗಿದ ಮೇಲೆ ಜೇನುಮೇಣಕ್ಕೆ ಸ್ವಲ್ಪ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಹೊಲಿಗೆಯ ಸಾಲಿಗೆ ಸವರಿ. ನೀರು ನುಗ್ಗುವುದು ಹೆಚ್ಚಾಗಿ ಹೊಲಿಗೆಯ ತೂತಿನಿಂದಲೇ.

ಬಿಳಿ ಕಾಲುಚೀಲದ ಕೆಂಪು ಕಲೆ ಬ್ಲೀಚಿಂಗ್ ಪುಡಿಗೆ ಜಗ್ಗದು, ಏಕೆಂದರೆ ಅದು ಕೊಳೆಯಲ್ಲ, ತುಕ್ಕು. ಹುಳಿಗೆ ಅದು ಸೋಲುತ್ತದೆ. ಮೊದಲು ಮಣ್ಣನ್ನು ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಲಿಂಬೆರಸವನ್ನೋ ಹಿತ್ತಿಲ ಬಿಂಬುಳಿಯ ರಸವನ್ನೋ ಕಲೆಗೆ ಹಚ್ಚಿ, ಅರ್ಧ ತಾಸು ಬಿಟ್ಟು ಸಾಬೂನಿನಿಂದ ಒಗೆಯಿರಿ. ಬಿಂಬುಳಿಯಲ್ಲಿ ತುಕ್ಕನ್ನು ಕರಗಿಸುವ ಆಕ್ಸಾಲಿಕ್ ಆಮ್ಲವಿದೆ. ಕತ್ತಿಯ ತುಕ್ಕು ಬಿಡಿಸಲು ಅದನ್ನು ಉಜ್ಜುವುದುಂಟು. ಹುಳಿ ಹಚ್ಚಿದ ಬಟ್ಟೆಗೆ ಬ್ಲೀಚಿಂಗ್ ಪುಡಿಯನ್ನು ಮಾತ್ರ ಎಂದಿಗೂ ಸೇರಿಸಬೇಡಿ. ಉಸಿರು ಕಟ್ಟಿಸುವ ಕ್ಲೋರೀನ್ ಅನಿಲ ಹುಟ್ಟುತ್ತದೆ.

ಬೆಳಿಗ್ಗೆ ಬಾನುಲಿಯ ಹವಾಮಾನ ವಾರ್ತೆ ಕೇಳಿ ಕೊಡೆ ಹುಡುಕುವಾಗ, ಇನ್ನೊಂದು ಜೊತೆ ಒಣ ಕಾಲುಚೀಲವನ್ನೂ ನೆನಪು ಮಾಡಿಕೊಳ್ಳಿ. ಬೂಟು ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ; ಪಾದಗಳು ಹುಟ್ಟುವಾಗ ಬಂದ ಒಂದೇ ಜೊತೆ.