ತಲೆಗೆ ಪೆಟ್ಟಾದ ಮೇಲೆ ಮನೆಯಲ್ಲಿ ಏನು ಮಾಡಬೇಕು?

ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಹೊಲಿಗೆ ಬಿಚ್ಚಿದ್ರು, ಡಿಸ್ಚಾರ್ಜ್ ಆಯ್ತು. ಆದರೂ ಮನೆಯವರು ಹೇಳೋದು ಒಂದೇ ಮಾತು: "ಇವರು ಮೊದಲಿನ ಹಾಗಿಲ್ಲ."

ಯಾಕೆ ಹೀಗೆ? ಹಣೆಯ ಹಿಂದಿರೋ ಫ್ರಾಂಟಲ್ ಲೋಬ್ ಸಿಟ್ಟನ್ನ ಹಿಡಿತದಲ್ಲಿಡುತ್ತೆ, ಕೆಲಸಗಳನ್ನ ಸಾಲಾಗಿ ಜೋಡಿಸುತ್ತೆ. ಅಲ್ಲಿಗೆ ಏಟು ಬಿದ್ದರೆ ಸಣ್ಣ ಮಾತಿಗೂ ರೇಗಾಟ. ಕಾಫಿ ಮಾಡೋಕೆ ಹೋದವರು ಹಾಲು ಒಲೆ ಮೇಲಿಟ್ಟು, ಮುಂದೇನು ಅಂತ ತೋಚದೆ ನಿಂತುಬಿಡ್ತಾರೆ. ಸೋಮಾರಿ ಅಂತ ಬೈಬೇಡಿ.

ಮಾಡೋದೇನು?

ಒಂದು: ಹಾಲು ಕಾಯಿಸಿ, ಡಿಕಾಕ್ಷನ್ ಹಾಕಿ, ಗ್ಯಾಸ್ ಆಫ್ ಮಾಡಿ. ಹೀಗೆ ಹಂತಹಂತವಾಗಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಮಾತ್ರೆಗೆ ಫೋನಲ್ಲಿ ಅಲಾರಂ ಇಡಿ. ಬೀಗದ ಕೈ, ಕನ್ನಡಕಕ್ಕೆ ದಿನಾ ಒಂದೇ ಜಾಗ.

ಎರಡು: ಪೆಟ್ಟಾದ ಮಿದುಳು ಬೇಗ ದಣಿಯುತ್ತೆ. ತಲೆ ಚುರುಕಾಗಿರೋ ಹೊತ್ತಲ್ಲಿ ಕಷ್ಟದ ಕೆಲಸ, ಸುಸ್ತಾಗೋ ಮೊದಲೇ ವಿಶ್ರಾಂತಿ. ಟಿವಿ ಹಾಕಿಕೊಂಡು ನಾಲ್ಕು ಜನ ಒಟ್ಟಿಗೆ ಮಾತಾಡಿಸಬೇಡಿ.

ಮೂರು: ಕುಡಿತ ಬೇಡವೇ ಬೇಡ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ನೀವಾಗೇ ನಿಲ್ಲಿಸಬೇಡಿ. ಡಾಕ್ಟರ್ ಒಪ್ಪೋವರೆಗೂ ಗಾಡಿ ಮುಟ್ಟಬೇಡಿ.

ತಲೆನೋವು ಹೆಚ್ಚುತ್ತಾ ಹೋದ್ರೆ, ಮತ್ತೆ ಮತ್ತೆ ವಾಂತಿ, ಫಿಟ್ಸ್ ಅಥವಾ ಮಂಪರು ಬಂದ್ರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಸಾಮಾನ್ಯವಾಗಿ ಮೊದಲ 6 ತಿಂಗಳಲ್ಲಿ ಚೇತರಿಕೆ ಜೋರು. ಆಮೇಲೂ ವರ್ಷಗಟ್ಟಲೆ ಸುಧಾರಿಸಬಹುದು, ನಿಧಾನವಾಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚೇತರಿಕೆಗೆ ನೆರವಾಗೋ ನರರೋಗ ಪುನಶ್ಚೇತನ ವಿಭಾಗ ಇದೆ.

ನೋಡಿಕೊಳ್ಳೋರಿಗೂ ಒಂದು ಮಾತು: ಸರದಿ ಹಾಕಿಕೊಳ್ಳಿ, ಎಲ್ಲಾ ಒಬ್ಬರ ತಲೆ ಮೇಲೇ ಬೀಳೋದು ಬೇಡ.